ವ್ಯಾನ್ ಅಥವಾ ಪಿಕಪ್: ಕೊಳ್ಳುವುದಾ, ಲೀಸಾ, ಬಾಡಿಗೆಯಾ?

ಗಾಡಿ ಬೇಕು ಅನ್ನುವುದು ತೀರ್ಮಾನವಾಗಿದೆ. ಹೊಸದು ಕೊಳ್ಳಲಾ, ಸೆಕೆಂಡ್ ಹ್ಯಾಂಡ್ ನೋಡಲಾ, ಲೀಸ್‌ಗೆ ತಗೊಳ್ಳಲಾ ಅನ್ನುವಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಎಂದು ಹಲವರು ಬರೆಯುತ್ತಾರೆ. ಬರೆಯುವ ಹೆಚ್ಚಿನವರ ಕೈಯಲ್ಲಿ ಇರುವುದು ಒಂದೇ ಸಂಖ್ಯೆ, ತಿಂಗಳ ಕಂತು. ಮಾರುವವರೂ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಾರೆ. ನನ್ನ ಪ್ರಕಾರ ತೀರ್ಮಾನಕ್ಕೆ ಅತಿ ಕಡಿಮೆ ಉಪಯೋಗಕ್ಕೆ ಬರುವ ಸಂಖ್ಯೆ ಅದು. ಅವಧಿ ಹಿಗ್ಗಿಸಿದರೆ ಯಾವ ಕಂತನ್ನಾದರೂ ಚಿಕ್ಕದು ಮಾಡಬಹುದು, ಅಲ್ವಾ?

ಬೇಕಾದ ಲೆಕ್ಕ ಬೇರೆ. ಗಾಡಿ ನಿಮ್ಮ ಹತ್ತಿರ ಇರುವಷ್ಟು ಕಾಲ ಒಟ್ಟು ಎಷ್ಟು ಹಣ ಹೋಗುತ್ತದೆ, ಕೊನೆಗೆ ಎಷ್ಟು ಹಿಂದಕ್ಕೆ ಬರುತ್ತದೆ, ಆ ವ್ಯತ್ಯಾಸವನ್ನು ಓಡಿದ ಕಿಲೋಮೀಟರ್‌ಗಳಿಂದ ಭಾಗಿಸಿದರೆ ಎಷ್ಟು? ಒಂದು ಕಿಲೋಮೀಟರ್‌ಗೆ ಬಿದ್ದ ಖರ್ಚು ಗೊತ್ತಾದ ಮೇಲೆ ಉಳಿದದ್ದೆಲ್ಲ ಸುಲಭವಾಗುತ್ತದೆ.

ಮೊದಲು ನಿಮ್ಮ ಕಡೆಯ ಲೆಕ್ಕ

ಶೋರೂಮಿಗೆ ಹೋಗುವ ಮುಂಚೆ ಐದು ವಿಷಯ ಬರೆದಿಟ್ಟುಕೊಳ್ಳಿ.

ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ? ಇದೇ ಮುಖ್ಯ. ವಿಮೆ, ತೆರಿಗೆ, ಬಡ್ಡಿ, ನಿಲ್ಲಿಸುವ ಜಾಗ, ಇವೆಲ್ಲ ಗಾಡಿ ಓಡಲಿ ಬಿಡಲಿ ಬರುವ ಖರ್ಚು. ಓಟ ಎರಡು ಪಟ್ಟಾದರೆ ಕಿಲೋಮೀಟರ್‌ಗೆ ಬೀಳುವ ಈ ಭಾಗ ಅರ್ಧವಾಗುತ್ತದೆ. ಇಂಧನ, ಟೈರ್, ಸರ್ವೀಸ್ ಮಾತ್ರ ಓಟದ ಜೊತೆಗೇ ಏರುತ್ತವೆ. ಕಡಿಮೆ ಓಡಿಸುವವರು ಖರೀದಿ ಬೆಲೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕು. ಜಾಸ್ತಿ ಓಡಿಸುವವರಿಗೆ ಮೈಲೇಜ್, ರಿಪೇರಿಯೇ ದೊಡ್ಡದು.

ಏನು ಹೊರುತ್ತೀರಿ, ಎಷ್ಟು ತೂಕ? ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಗಾಡಿ ಕೊಂಡ ಮೇಲೂ ಕೈಯಲ್ಲಿ ಎಷ್ಟು ಹಣ ಉಳಿದಿರಬೇಕು?

ಐದನೆಯದನ್ನು ಯಾರೂ ಕೇಳುವುದಿಲ್ಲ. ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ನಿಮಗೆ ಎಷ್ಟು ನಷ್ಟ? ವಾರಕ್ಕೊಮ್ಮೆ ಮನೆ ಸಾಮಾನು ಸಾಗಿಸುವವರಿಗೆ ಏನೂ ಇಲ್ಲ, ನಾಳೆ ಹೋದರಾಯಿತು. ಬೆಳಗ್ಗೆ ಆರಕ್ಕೆ ಹಾಲೋ ತರಕಾರಿಯೋ ತಲುಪಿಸಲೇಬೇಕಾದವರಿಗೆ ಆ ದಿನದ ಸಂಪಾದನೆಯೂ ಹೋಯಿತು, ಗಿರಾಕಿಯ ನಂಬಿಕೆಯೂ ಹೋಯಿತು. ಇವರಿಬ್ಬರಿಗೂ ಒಂದೇ ಸಲಹೆ ಕೊಡಲು ಆಗುವುದಿಲ್ಲ.

ವ್ಯಾನಾ, ಪಿಕಪ್ಪಾ?

ಖರ್ಚಿನ ವಿಷಯಕ್ಕೆ ಬರುವ ಮುಂಚೆ ಇದನ್ನು ಮುಗಿಸಿಕೊಳ್ಳೋಣ, ಯಾಕೆಂದರೆ ತಪ್ಪು ಗಾಡಿಯನ್ನು ಎಷ್ಟು ಅಗ್ಗಕ್ಕೆ ಕೊಂಡರೂ ದುಬಾರಿಯೇ. ವ್ಯಾನ್‌ನಲ್ಲಿ ಸರಕು ಮಳೆ, ಧೂಳು, ಕಳ್ಳರಿಂದ ಪಾರು. ನೆಲ ತಗ್ಗಿನಲ್ಲಿರುವ ವ್ಯಾನ್ ಆದರೆ ದಿನಕ್ಕೆ ಐವತ್ತು ಸಲ ಹತ್ತಿ ಇಳಿಯುವವರ ಮಂಡಿ, ಸೊಂಟವೂ ಉಳಿಯುತ್ತದೆ. ಪಿಕಪ್‌ನ ಬಲ ಬೇರೆ: ಉದ್ದದ ಪೈಪು, ಎತ್ತರದ ಸಾಮಾನು, ಮಣ್ಣು, ಗೊಬ್ಬರ, ಕೆಟ್ಟ ರಸ್ತೆ, ಹಿಂದೆ ಟ್ರೇಲರ್. ತೊಟ್ಟಿಯನ್ನು ನೀರು ಹಾಕಿ ತೊಳೆದುಬಿಡಬಹುದು.

ಹೊರುವ ತೂಕದ ವಿಷಯದಲ್ಲಿ ಜಾಹೀರಾತಿನ ಸಂಖ್ಯೆಯನ್ನು ಹಾಗೇ ನಂಬಬೇಡಿ. ಗಾಡಿಯ ಗರಿಷ್ಠ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಪಾಲು. ಆ ಪಾಲಿನೊಳಗೆ ಪಕ್ಕದಲ್ಲಿ ಕೂತವರು, ನೀವು ಹಾಕಿಸಿದ ಕಪಾಟು, ಮೇಲಿನ ಕ್ಯಾರಿಯರ್ ಎಲ್ಲವೂ ಬರುತ್ತವೆ. ಇಬ್ಬರು ಕೆಲಸಗಾರರು, ಉಪಕರಣ ಜೋಡಿಸಲು ಕಬ್ಬಿಣದ ಕಪಾಟು ಸೇರಿದರೆ 250–300 ಕೆ.ಜಿ. ಅಲ್ಲೇ ಹೋಯಿತು. ಒಂದು ಘನ ಮೀಟರ್ ಮರಳು ಸುಮಾರು 1,600 ಕೆ.ಜಿ. ತೂಗುತ್ತದೆ. ಅಂದರೆ ಒಂದು ಟನ್ ಹೊರುವ ಪಿಕಪ್‌ನ ತೊಟ್ಟಿ ಕಣ್ಣಿಗೆ ಅರ್ಧ ಖಾಲಿ ಕಾಣುವಾಗಲೇ ಮಿತಿ ಮುಗಿದಿರುತ್ತದೆ. ಥರ್ಮೋಕೋಲ್ ಸಾಗಿಸುವವರಿಗೆ ಇದರ ಉಲ್ಟಾ. ತೂಕ ಲೆಕ್ಕಕ್ಕೇ ಇಲ್ಲ, ಜಾಗ ಸಾಲುವುದಿಲ್ಲ. ಅವರಿಗೆ ಎತ್ತರದ ಛಾವಣಿಯ ವ್ಯಾನೇ ಸರಿ.

ಓವರ್‌ಲೋಡ್ ಮಾಡಿ ಸುಧಾರಿಸಿಕೊಳ್ಳುತ್ತೇನೆ ಅನ್ನುವವರು ದಂಡದ ಬಗ್ಗೆ ಮಾತ್ರ ಯೋಚಿಸುತ್ತಾರೆ. ದಂಡ ಬೀಳದಿದ್ದರೂ ಕ್ಲಚ್, ಬ್ರೇಕ್, ಟೈರ್, ಸ್ಪ್ರಿಂಗ್, ವೀಲ್ ಬೇರಿಂಗ್ ಎಲ್ಲವೂ ಅವಧಿಗೆ ಮುಂಚೆ ಸವೆದು ಅದೇ ದುಡ್ಡು ವಸೂಲಾಗುತ್ತದೆ. ಅಪಘಾತವಾದರೆ ವಿಮೆಯವರ ಜೊತೆ ಜಗಳ ಬೇರೆ.

ಹೊಸದು, ಸಾಲ ಮಾಡಿ

ಹೊಸ ಗಾಡಿಯ ಅತಿ ದೊಡ್ಡ ಖರ್ಚಿಗೆ ಯಾರೂ ಬಿಲ್ ಕೊಡುವುದಿಲ್ಲ. ಅದು ಬೆಲೆ ಇಳಿಯುವುದು. ಮೊದಲ ವರ್ಷವೇ ಐದನೇ ಒಂದು ಭಾಗದಷ್ಟು ಬೆಲೆ ಕರಗುವುದು ಸಾಮಾನ್ಯ. ಆಮೇಲೆ ಇಳಿತ ನಿಧಾನವಾಗುತ್ತದೆ. ಹಾಗಾಗಿ ಹೊಸದು ಕೊಂಡು ಎರಡೇ ವರ್ಷಕ್ಕೆ ಮಾರುವುದು ಅತಿ ದುಬಾರಿ ದಾರಿ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಆ ಮೊದಲ ಹೊಡೆತ ಹಂಚಿಹೋಗುತ್ತದೆ. ವಾರಂಟಿ ಇರುವಷ್ಟು ದಿನ ದೊಡ್ಡ ರಿಪೇರಿಯ ಚಿಂತೆ ಇಲ್ಲ, ಗಾಡಿ ನಿಲ್ಲುವ ದಿನಗಳೂ ಕಡಿಮೆ.

ಸಾಲ ಪಡೆಯುವಾಗ ಬಡ್ಡಿ ಫ್ಲಾಟ್ ದರವೋ, ಇಳಿಯುವ ಅಸಲಿನ ಮೇಲೋ ಎಂದು ಬಾಯಿಬಿಟ್ಟು ಕೇಳಿ. ಗಾಡಿಯ ಬೆಲೆ 100 ಅಂತ ಇಟ್ಟುಕೊಳ್ಳಿ. ಐದು ವರ್ಷಕ್ಕೆ 10% ಫ್ಲಾಟ್ ಅಂದರೆ ಬಡ್ಡಿ 50, ಒಟ್ಟು 150, ತಿಂಗಳಿಗೆ 2.5. ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 100ರ ಮೇಲೆಯೇ. ಇದೇ ಕಂತನ್ನು ಇಳಿಯುವ ಅಸಲಿನ ಲೆಕ್ಕಕ್ಕೆ ತಿರುಗಿಸಿದರೆ ದರ ಸುಮಾರು 17% ಆಗುತ್ತದೆ! ಕೇಳಲು ಹತ್ತು, ಕೊಡುವುದು ಹದಿನೇಳು.

ಅವಧಿಯೂ ಅಷ್ಟೆ. ಏಳು ವರ್ಷದ ಸಾಲದಲ್ಲಿ ಕಂತು ಹಗುರ. ಆದರೆ ಗಾಡಿಯ ಬೆಲೆ ಸಾಲಕ್ಕಿಂತ ಬೇಗ ಇಳಿದರೆ ನಡುವೆ ಮಾರಲು ಹೊರಟಾಗ ಕೈಯಿಂದಲೇ ದುಡ್ಡು ತುಂಬಬೇಕಾಗುತ್ತದೆ. ಗಾಡಿ ಕಳುವಾದರೂ ಹಾಗೇ. ವಿಮೆ ಕೊಡುವುದು ಆ ದಿನದ ಬೆಲೆಯನ್ನು. ಸಾಲದ ಬಾಕಿ ಅದಕ್ಕಿಂತ ಹೆಚ್ಚಿದ್ದರೆ ಇಲ್ಲದ ಗಾಡಿಗೆ ಕಂತು ಕಟ್ಟಬೇಕು.

ಲೀಸ್: ಕಂತು ಕಡಿಮೆ, ಖರ್ಚು?

ಲೀಸ್ ಅಂದರೆ ಗಾಡಿಯ ಬೆಲೆಯಲ್ಲಿ ನೀವು ಬಳಸಿ ಕರಗಿಸುವ ಭಾಗಕ್ಕೆ ಮತ್ತು ಬಡ್ಡಿಗೆ ಮಾತ್ರ ಹಣ ಕೊಡುವುದು. ಗಾಡಿ ಅವರದು, ಬಳಕೆ ನಿಮ್ಮದು, ಅವಧಿ ಮುಗಿದ ಮೇಲೆ ವಾಪಸು.

ಲೆಕ್ಕ ಹೀಗೆ. ಬೆಲೆ 100, ನಾಲ್ಕು ವರ್ಷದ ನಂತರ 50 ಉಳಿಯುತ್ತದೆ, ಬಡ್ಡಿ 10% ಎನ್ನೋಣ. ಇಳಿಯುವ 50ನ್ನು 48 ತಿಂಗಳಿಗೆ ಹಂಚಿದರೆ ತಿಂಗಳಿಗೆ 1.04. ನಿಮ್ಮ ಕೈಯಲ್ಲಿರುವ ಅವರ ಹಣ ಸರಾಸರಿ 75. ಅದರ ಬಡ್ಡಿ ತಿಂಗಳಿಗೆ 0.63. ಎರಡೂ ಸೇರಿ 1.67. ಇದೇ ಗಾಡಿಯನ್ನು ಇಳಿಯುವ ಅಸಲಿನ 10% ಬಡ್ಡಿಗೆ, ಪೂರ್ತಿ ಸಾಲದಲ್ಲಿ ನಾಲ್ಕು ವರ್ಷಕ್ಕೆ ಕೊಂಡರೆ ಕಂತು 2.54. ಲೀಸ್ ಮೂರನೇ ಒಂದು ಭಾಗ ಅಗ್ಗ ಎಂದು ಕಾಣುವುದು ಇಲ್ಲೇ.

ಈಗ ಒಟ್ಟು ನೋಡಿ. ಸಾಲದಲ್ಲಿ ಕಟ್ಟಿದ್ದು ಸುಮಾರು 122, ಕೈಯಲ್ಲಿ ಉಳಿದ ಗಾಡಿಯ ಬೆಲೆ 50. ನಿಜವಾಗಿ ಹೋದದ್ದು 72. ಲೀಸ್‌ನಲ್ಲಿ ಕಟ್ಟಿದ್ದು 80, ಉಳಿದದ್ದು ಏನೂ ಇಲ್ಲ. ಲೀಸ್ ಕಂಪನಿಯ ಲಾಭ, ಶುಲ್ಕ ಇದರ ಮೇಲೆ. ಹಾಗಂತ ಆ 8 ಮೋಸ ಅಲ್ಲ. ಲೀಸ್ ಪಡೆದವರ ಕೈಯಲ್ಲಿ ಪ್ರತಿ ತಿಂಗಳು 0.87 ಜಾಸ್ತಿ ಉಳಿದಿತ್ತು. ಅದನ್ನು ವ್ಯವಹಾರದಲ್ಲಿ ಹಾಕಿ ವರ್ಷಕ್ಕೆ 10% ದುಡಿಸಿದ್ದರೆ ಎರಡೂ ಹೆಚ್ಚುಕಡಿಮೆ ಸಮ. ಅದಕ್ಕಿಂತ ಜಾಸ್ತಿ ದುಡಿಸಬಲ್ಲವರಿಗೆ ಲೀಸ್ ಲಾಭ. ಸುಮ್ನೆ ಖರ್ಚಾಗಿಹೋಗುವ ಹಣವಾದರೆ ನಷ್ಟ. ನೀವು ಯಾವ ಪೈಕಿ ಎಂಬುದು ನಿಮಗೇ ಗೊತ್ತು.

ಲೀಸ್‌ನಲ್ಲಿ ಪೆಟ್ಟು ಬೀಳುವುದು ಕಂತಿನಲ್ಲಿ ಅಲ್ಲ, ಒಪ್ಪಂದದ ಒಳಪುಟಗಳಲ್ಲಿ. ಮೊದಲನೆಯದು ಕಿಲೋಮೀಟರ್ ಮಿತಿ. ಮಿತಿ ಕಡಿಮೆ ಇಟ್ಟರೆ ಕಂತು ಇಳಿಯುತ್ತದೆ, ಆದ್ದರಿಂದ ಆಸೆ ಹುಟ್ಟುತ್ತದೆ. ವರ್ಷಕ್ಕೆ 20,000 ಮಿತಿ ಒಪ್ಪಿ 30,000 ಓಡಿಸಿದರೆ ನಾಲ್ಕು ವರ್ಷಕ್ಕೆ 40,000 ಕಿಲೋಮೀಟರ್‌ನ ಹೆಚ್ಚುವರಿ ಶುಲ್ಕ ಒಂದೇ ಸಲ ಎದುರಿಗೆ ಬರುತ್ತದೆ. ಹೆಚ್ಚುವರಿ ಕಿಲೋಮೀಟರ್‌ಗೆ ಎಷ್ಟು ಎಂದು ನೋಡಿ, ನಿಮ್ಮ ನಿಜವಾದ ಓಟ ಮಿತಿಯನ್ನು ಮೀರುವಷ್ಟು ಕಿಲೋಮೀಟರ್‌ಗೆ ಗುಣಿಸಿ, ತಿಂಗಳುಗಳಿಗೆ ಹಂಚಿ ಕಂತಿಗೆ ಸೇರಿಸಿ. ಆಗ ಹೋಲಿಸಿ.

ಎರಡನೆಯದು ವಾಪಸು ಕೊಡುವ ದಿನ. ಪರೀಕ್ಷೆಗೆ ಬಂದವರು ಗಾಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕುತ್ತಾರೆ. ಬಾಗಿಲ ಅಂಚಿನ ಗೀರು, ಬಂಪರಿನ ತಗ್ಗು, ಚಕ್ರದ ರಿಮ್ಮಿನ ಉಜ್ಜು, ಒಂದೊಂದಕ್ಕೂ ಫೋಟೋ. ಆಮೇಲೆ ಹಿಂಬಾಗಿಲು ತೆಗೆಸುತ್ತಾರೆ. ಸರಕಿನ ಜಾಗದ ಗೋಡೆಗೆ ನೀವು ಕಪಾಟು ಕೂರಿಸಲು ಕೊರೆದ ತೂತುಗಳು ಅಲ್ಲಿ ಸಾಲಾಗಿ ಕಾಣುತ್ತವೆ. ಅಂಗಡಿಯ ಹೆಸರಿನ ಸ್ಟಿಕ್ಕರ್ ಕಿತ್ತರೂ ಅದರ ಕೆಳಗಿನ ಬಣ್ಣ ಹೊಸದಾಗಿ, ಸುತ್ತಲಿನದು ಮಾಸಿ, ಅಕ್ಷರಗಳು ಹಾಗೇ ಓದಲು ಬರುತ್ತವೆ. ಸಾಮಾನ್ಯ ಸವೆತಕ್ಕೆ ದುಡ್ಡು ಕೇಳುವುದಿಲ್ಲ ಎಂದು ಒಪ್ಪಂದ ಹೇಳುತ್ತದೆ. ಸಾಮಾನ್ಯ ಅಂದರೆ ಯಾವುದು ಎಂದು ಸಹಿಗೆ ಮುಂಚೆಯೇ ಬರೆಸಿಕೊಳ್ಳಿ. ಗಾಡಿ ಪಡೆದ ದಿನವೇ ಒಳಗೂ ಹೊರಗೂ ನೀವೂ ಫೋಟೋ ತೆಗೆದಿಡಿ. ನೆಲಕ್ಕೆ, ಗೋಡೆಗೆ ಪ್ಲೈವುಡ್ ಹೊದಿಸಿಬಿಟ್ಟರೆ ಆ ಖರ್ಚು ಕೊನೆಯ ದಿನ ಉಳಿತಾಯವಾಗಿ ಸಿಗುತ್ತದೆ. ಕಟ್ಟಡ ಕೆಲಸದವರಿಗೆ, ಒರಟು ಸರಕಿನವರಿಗೆ ನಾನಂತೂ ಲೀಸ್ ಹೇಳುವುದಿಲ್ಲ.

ಮೂರನೆಯದು ನಡುವೆ ಬಿಡುವುದು. ಕೆಲಸ ಕಡಿಮೆಯಾಯಿತು, ಗಾಡಿ ಬೇಡ ಎಂದರೆ ಉಳಿದ ಕಂತುಗಳ ದೊಡ್ಡ ಭಾಗ ಕಟ್ಟಿಯೇ ಬಿಡಬೇಕಾಗಬಹುದು. ಸ್ವಂತ ಗಾಡಿಯಾದರೆ ನಷ್ಟಕ್ಕಾದರೂ ಮಾರಬಹುದಿತ್ತು.

ಸರ್ವೀಸ್ ಸೇರಿದ ಲೀಸ್ ಬೇರೆಯೇ ವಸ್ತು. ಕಂತು ಜಾಸ್ತಿ, ಆದರೆ ರಿಪೇರಿಯ ಚಿಂತೆ ಅವರದು. ಇಲ್ಲಿ ಕೇಳಬೇಕಾದದ್ದು: ಟೈರ್ ಸೇರಿದೆಯಾ, ಬ್ರೇಕ್ ಪ್ಯಾಡ್ ಮತ್ತು ಕ್ಲಚ್ ಸೇರಿದೆಯಾ, ಗಾಡಿ ಗ್ಯಾರೇಜಿಗೆ ಹೋದರೆ ಬದಲಿ ಗಾಡಿ ಎಷ್ಟು ಹೊತ್ತಿನೊಳಗೆ ಬರುತ್ತದೆ? ಒಂದು ದಿನ ನಿಂತರೂ ನಷ್ಟ ಎನ್ನುವವರಿಗೆ ಈ ಕೊನೆಯ ಸಾಲಿಗಾಗಿಯೇ ಲೀಸ್ ಯೋಗ್ಯ. ಬದಲಿ ಗಾಡಿ ಇಲ್ಲದಿದ್ದರೆ ಆ ಹೆಚ್ಚಿನ ಕಂತು ಯಾಕೆ?

ತೆರಿಗೆಯ ವಿಷಯ ದೇಶದಿಂದ ದೇಶಕ್ಕೆ ಬೇರೆ. ಸಾಮಾನ್ಯವಾಗಿ ವ್ಯವಹಾರಕ್ಕೆ ಪಡೆದ ಲೀಸ್‌ನ ಬಾಡಿಗೆ ಖರ್ಚಿಗೆ ಹೋಗುತ್ತದೆ, ಸ್ವಂತ ಗಾಡಿಯಲ್ಲಿ ಸವಕಳಿ ಮತ್ತು ಬಡ್ಡಿ ಖರ್ಚಿಗೆ ಹೋಗುತ್ತವೆ. ನಿಮ್ಮ ಲೆಕ್ಕ ಬರೆಯುವವರಿಗೆ ಎರಡೂ ಕೊಟೇಶನ್ ತೋರಿಸಿ. ತೆರಿಗೆ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಖರ್ಚು ಮಾಡಲು ಮಾತ್ರ ಹೊರಡಬೇಡಿ.

ಸೆಕೆಂಡ್ ಹ್ಯಾಂಡ್

ಮೂರು ನಾಲ್ಕು ವರ್ಷದ ಗಾಡಿಯಲ್ಲಿ ಬೆಲೆ ಇಳಿತದ ಕಡಿದಾದ ಭಾಗವನ್ನು ಮೊದಲ ಮಾಲೀಕರು ತಿಂದಿರುತ್ತಾರೆ. ಕಡಿಮೆ ಬಂಡವಾಳದವರಿಗೆ, ವರ್ಷಕ್ಕೆ 10–12 ಸಾವಿರ ಕಿಲೋಮೀಟರ್ ಓಡಿಸುವವರಿಗೆ ನನ್ನ ಮೊದಲ ಆಯ್ಕೆ ಇದೇ. ತೊಂದರೆ ಏನೆಂದರೆ, ಸರಕು ಗಾಡಿಗಳು ಕಾರಿನ ಹಾಗೆ ಮೃದುವಾಗಿ ಬಾಳಿರುವುದಿಲ್ಲ.

ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಬೆಳಗಿನ ಮೊದಲ ಸ್ಟಾರ್ಟಿನ ಕಷ್ಟ ನಿಮಗೆ ಕಾಣುವುದಿಲ್ಲ. ಮೀಟರ್ 60,000 ತೋರಿಸುತ್ತಿದೆ, ಆದರೆ ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ನುಣುಪಾಗಿದೆ, ಚಾಲಕರ ಸೀಟಿನ ಅಂಚು ಹರಿದಿದೆ, ಸ್ಟೀರಿಂಗ್ ಹೊಳೆಯುತ್ತಿದೆ ಎಂದರೆ ಮೀಟರನ್ನು ನಂಬಬೇಡಿ. ಸರಕಿನ ಜಾಗದಲ್ಲಿ ಹಾಸಿರುವ ಮ್ಯಾಟ್ ಎತ್ತಿಸಿ. ನೆಲದ ತಗಡು ಅಲೆಅಲೆಯಾಗಿ ತಗ್ಗಿದ್ದರೆ ಮಿತಿ ಮೀರಿ ಹೊತ್ತಿದೆ. ಪಿಕಪ್ ಆದರೆ ಹಿಂದೆ ಕುಕ್ಕರುಗಾಲಲ್ಲಿ ಕೂತು ಲೀಫ್ ಸ್ಪ್ರಿಂಗ್, ಅಂದರೆ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳನ್ನು ನೋಡಿ. ಗಾಡಿ ಖಾಲಿ ಇದ್ದರೂ ಬಾಗು ಹೋಗಿ ಚಪ್ಪಟೆಯಾಗಿದ್ದರೆ ಅದೇ ಕಥೆ. ಚಾಸಿಯ ಮೇಲೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ತುಕ್ಕು ಮುಚ್ಚಿರಬಹುದು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ.

ಕಾಗದಗಳಲ್ಲಿ ಹಳೆಯ ಸಾಲ ತೀರಿದ ಪತ್ರ, ಸರ್ವೀಸ್ ದಾಖಲೆ ಇಲ್ಲದೆ ಮುಂಗಡ ಕೊಡಬೇಡಿ. ನಿಮ್ಮ ಕಡೆಯ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗುವುದು ಲೇಸು. ಖರೀದಿ ಬೆಲೆಯ ಮೇಲೆ ಹತ್ತನೇ ಒಂದು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆ ತೆಗೆದಿಡಿ. ಇದ್ದ ದುಡ್ಡನ್ನೆಲ್ಲ ಖರೀದಿಗೇ ಸುರಿದರೆ ಮೊದಲ ಕ್ಲಚ್ ಪ್ಲೇಟಿಗೇ ಕೈ ಕಟ್ಟಿಹೋಗುತ್ತದೆ.

ಬೇಕಾದಾಗ ಬಾಡಿಗೆಗೆ

ಇದನ್ನು ಯಾರೂ ಗಂಭೀರವಾಗಿ ಲೆಕ್ಕ ಹಾಕುವುದಿಲ್ಲ. ಗಾಡಿ ಸುಮ್ಮನೆ ನಿಂತರೂ ಬರುವ ವರ್ಷದ ಖರ್ಚು (ಬೆಲೆ ಇಳಿತ, ವಿಮೆ, ತೆರಿಗೆ, ಬಡ್ಡಿ) ಸೇರಿಸಿ, ದಿನದ ಬಾಡಿಗೆಯಿಂದ ಭಾಗಿಸಿ. 100 ಬೆಲೆಯ ಗಾಡಿಗೆ ವರ್ಷಕ್ಕೆ ಇಂಥ ಖರ್ಚು 20, ದಿನದ ಬಾಡಿಗೆ 0.25 ಆದರೆ ಉತ್ತರ 80 ದಿನ. ಇಂಧನ ಎರಡೂ ಕಡೆ ನೀವೇ ಹಾಕುತ್ತೀರಿ. ವರ್ಷದಲ್ಲಿ ಅದಕ್ಕಿಂತ ಕಡಿಮೆ ದಿನ ಬೇಕಾದರೆ ಸ್ವಂತ ಗಾಡಿ ಬರೀ ಹೆಮ್ಮೆಗೆ. ನಿಮ್ಮ ಊರಿನ ದರ ಹಾಕಿ ನೋಡಿ. ಹಬ್ಬದ, ಸುಗ್ಗಿಯ ದಿನಗಳಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕಾಗಿ ಗಾಡಿ ಸಿಗದಿರಬಹುದು, ಅದೊಂದೇ ಅಡಚಣೆ.

ಡೀಸೆಲ್, ಪೆಟ್ರೋಲ್, ಬ್ಯಾಟರಿ

ದೂರದ ಓಟ, ಭಾರದ ಲೋಡ್ ಇದ್ದರೆ ಡೀಸೆಲ್ ಇನ್ನೂ ಸರಿ. ಆದರೆ ಪೇಟೆಯೊಳಗೆ ಎರಡೆರಡು ಕಿಲೋಮೀಟರ್ ಓಡಿ ನಿಲ್ಲಿಸುವವರಿಗೆ ಈಗಿನ ಡೀಸೆಲ್ ತಲೆನೋವು. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಚಿಕ್ಕ ಓಟದಲ್ಲಿ ಆ ಬಿಸಿ ಬರುವುದೇ ಇಲ್ಲ. ಮಸಿ ಕಟ್ಟಿಕೊಂಡು ಎಂಜಿನ್ ಬಲ ಇಳಿಯುತ್ತದೆ, ಕೊನೆಗೆ ಫಿಲ್ಟರನ್ನೇ ಬದಲಿಸಬೇಕಾಗುತ್ತದೆ. ಅದು ಸಣ್ಣ ಬಿಲ್ ಅಲ್ಲ. ಡ್ಯಾಶ್‌ಬೋರ್ಡಿನಲ್ಲಿ ಈ ಫಿಲ್ಟರಿನ ದೀಪ ಹೊತ್ತಿದಾಗ ಹೆದ್ದಾರಿಯಲ್ಲಿ 20 ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಬಹಳ ಸಲ ಸರಿಹೋಗುತ್ತದೆ. ಆಡ್‌ಬ್ಲೂ (ಹೊಗೆ ಶುಚಿ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ದ್ರವ) ಬೇಕಾಗುವ ಗಾಡಿಯಾದರೆ 32.5% ಯೂರಿಯಾ ಇರುವ ಸರಿಯಾದ ದ್ರವವನ್ನೇ ಹಾಕಿ. ಅಗ್ಗದ ಕಲಬೆರಕೆ ಹಾಕಿದರೆ ಪಂಪು, ನಳಿಕೆ ಕಟ್ಟಿಕೊಳ್ಳುತ್ತವೆ.

ಕಡಿಮೆ ಓಟಕ್ಕೆ ಪೆಟ್ರೋಲ್ ಎಂಜಿನ್ ಸರಳ, ಕೊಳ್ಳಲೂ ಅಗ್ಗ.

ಬ್ಯಾಟರಿ ಗಾಡಿಯ ಖರೀದಿ ಬೆಲೆ ಜಾಸ್ತಿ. ದಿನಾ ಒಂದೇ ದಾರಿ, ರಾತ್ರಿ ಒಂದೇ ಕಡೆ ನಿಲ್ಲಿಸಿ ಚಾರ್ಜ್ ಮಾಡುವ ಅನುಕೂಲ ಇದ್ದರೆ ಓಡಿಸುವ ಖರ್ಚಿನಲ್ಲಿ ಅದು ವಾಪಸು ಬರುತ್ತದೆ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್ ಬಹಳ ಕಾಲ ಬರುತ್ತದೆ. ಗಾಡಿ ಭಾರವಾದ್ದರಿಂದ ಟೈರ್ ಮಾತ್ರ ಬೇಗ ಸವೆಯಬಹುದು. ತುಂಬಿದ ಲೋಡ್, ಹೆದ್ದಾರಿ ವೇಗ, ಚಳಿ, ಈ ಮೂರರಲ್ಲೂ ಹೇಳಿದಷ್ಟು ದೂರ ಓಡುವುದಿಲ್ಲ. ಹಲವು ತಯಾರಕರು ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್‌ವರೆಗೆ 70% ಸಾಮರ್ಥ್ಯದ ವಾರಂಟಿ ಕೊಡುತ್ತಾರೆ. ಹಳೆಯ ಬ್ಯಾಟರಿ ಗಾಡಿಗೆ ಎಷ್ಟು ಬೆಲೆ ಸಿಗುತ್ತದೋ ಎಂಬ ಅಂಜಿಕೆ ಇದ್ದರೆ, ಲೀಸ್‌ಗೆ ಇದು ಒಳ್ಳೆಯ ಜಾಗ. ಬೆಲೆ ಬಿದ್ದರೆ ಬೀಳುವುದು ಅವರ ಮೇಲೆ.

ನಿರ್ವಹಣೆ, ಆಮೇಲೆ ಮಾರಾಟ

ತಿಂಗಳು ತಿಂಗಳು ರಿಪೇರಿಗೆಂದು ಬೇರೆ ಖಾತೆಯಲ್ಲಿ ಹಣ ಹಾಕುವವರಿಗೆ ಸ್ವಂತ ಗಾಡಿ ಸಲೀಸು. ಆ ಅಭ್ಯಾಸ ಇಲ್ಲದವರಿಗೆ ಸರ್ವೀಸ್ ಸೇರಿದ ಲೀಸೇ ವಾಸಿ, ಸ್ವಲ್ಪ ಜಾಸ್ತಿಯಾದರೂ. ಆಯಿಲ್ ಬದಲಿಸುವುದನ್ನು ಮುಂದೂಡಿ ಉಳಿಸುವ ದುಡ್ಡು ಟರ್ಬೋ ರಿಪೇರಿಯಲ್ಲಿ ಹತ್ತು ಪಟ್ಟು ಹೋಗುತ್ತದೆ. ಟೈಮಿಂಗ್ ಬೆಲ್ಟ್ (ವಾಲ್ವು, ಪಿಸ್ಟನ್ನುಗಳ ಓಟವನ್ನು ಹೊಂದಿಸುವ ರಬ್ಬರ್ ಪಟ್ಟಿ) ಇರುವ ಎಂಜಿನ್ನಾದರೆ ತಯಾರಕರು ಹೇಳಿದ ಕಿಲೋಮೀಟರ್ ಮತ್ತು ವರ್ಷ ಎರಡನ್ನೂ ನೋಡಿ. ಕಡಿಮೆ ಓಡಿದ ಗಾಡಿಯಲ್ಲೂ ರಬ್ಬರ್ ಹಳತಾಗುತ್ತದೆ, ಓಡುವಾಗ ಹರಿದರೆ ಹೆಚ್ಚಿನ ಎಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಬಿಚ್ಚಬೇಕು. ಬ್ರೇಕ್ ಆಯಿಲ್ ನೀರಿನ ಪಸೆ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ಟೈರ್ ಗಾಳಿಯನ್ನು ಲೋಡಿಗೆ ತಕ್ಕಂತೆ ಹಿಡಿಸಿ. ಎಷ್ಟು ಎಂಬುದು ಸಾಮಾನ್ಯವಾಗಿ ಚಾಲಕರ ಬಾಗಿಲ ಕಂಬದ ಚೀಟಿಯಲ್ಲೇ ಇರುತ್ತದೆ.

ಮಾರುವುದು ಯಾವಾಗ? ಮುಂದಿನ ಒಂದು ವರ್ಷದಲ್ಲಿ ಬರಬಹುದಾದ ರಿಪೇರಿ, ಗಾಡಿ ನಿಲ್ಲುವ ದಿನಗಳ ನಷ್ಟ ಎರಡನ್ನೂ ಕೂಡಿಸಿ. ಬದಲಿಗೆ ತರುವ ಗಾಡಿಯ ಮೊದಲ ವರ್ಷದ ಬೆಲೆ ಇಳಿತ ಮತ್ತು ಬಡ್ಡಿಯ ಪಕ್ಕದಲ್ಲಿಡಿ. ಮೊದಲನೆಯದು ದೊಡ್ಡದಾದ ವರ್ಷ ಮಾರಿ. ಒಂದೇ ರಿಪೇರಿಯ ಬಿಲ್ ಗಾಡಿಯ ಅರ್ಧ ಬೆಲೆಗೆ ಬಂದರೆ ಮೂಗಿಗಿಂತ ಮೂಗುತಿ ಭಾರ, ಆ ರಿಪೇರಿ ಮಾಡಿಸದೆಯೇ ಬಂದ ಬೆಲೆಗೆ ಕೊಟ್ಟುಬಿಡಿ. ಅದಕ್ಕಿಂತ ಮುಂಚೆ ಮಾರುವುದಿದ್ದರೆ ವಾರಂಟಿ ಇನ್ನೂ ಕೆಲವು ತಿಂಗಳು ಬಾಕಿ ಇರುವಾಗ, ಸರ್ವೀಸ್ ಪುಸ್ತಕ ಪೂರ್ತಿ ತುಂಬಿರುವಾಗ ಮಾರಿ. ಕೊಳ್ಳುವವರು ಚೌಕಾಸಿ ಮಾಡಲು ಹುಡುಕುವುದು ಆ ಎರಡನ್ನೇ.